ಮಾಡೆಲಿಂಗ್ ಆಫರ್ ಬಂದಿದೆಯೇ? ಸಹಿ ಹಾಕುವ ಮುನ್ನ ಈ 14 ಸೂತ್ರ

ಮಾಡೆಲ್ ಆಗಬೇಕೆಂಬ ಆಸೆಯಲ್ಲಿ ತಪ್ಪೇನೂ ಇಲ್ಲ. ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ 1994ರಲ್ಲಿ ಮಿಸ್ ವರ್ಲ್ಡ್ ಆದರು. ಬೆಂಗಳೂರಿನಲ್ಲಿ ಓದಿ ಬೆಳೆದ ದೀಪಿಕಾ ಪಡುಕೋಣೆ, ಅನುಷ್ಕಾ ಶರ್ಮಾ ಇಬ್ಬರೂ ಮಾಡೆಲಿಂಗ್‌ನಿಂದಲೇ ಸಿನಿಮಾಕ್ಕೆ ಹೋದವರು. ಇವತ್ತು ಅವಕಾಶ ಇರುವುದು ದೊಡ್ಡ ರ‍್ಯಾಂಪ್‌ಗಳಲ್ಲಿ ಮಾತ್ರವಲ್ಲ. ಸೀರೆ ಅಂಗಡಿಯ ಕ್ಯಾಟಲಾಗ್, ಒಡವೆ ಅಂಗಡಿಯ ಹೋರ್ಡಿಂಗ್, ಆನ್‌ಲೈನ್‌ನಲ್ಲಿ ಬಟ್ಟೆ ಮಾರುವ ತಾಣ, ಎಲ್ಲಕ್ಕೂ ಹೊಸ ಮುಖಗಳು ಬೇಕು. ದಾವಣಗೆರೆ, ಹುಬ್ಬಳ್ಳಿ, ಹಾಸನದ ಹುಡುಗ ಹುಡುಗಿಯರಿಗೂ ಇಲ್ಲಿ ಕೆಲಸವಿದೆ.

ಆದರೆ ಆಸೆ ಇರುವ ಕಡೆ ಆಸೆಯನ್ನೇ ಬಂಡವಾಳ ಮಾಡಿಕೊಳ್ಳುವವರೂ ಇರುತ್ತಾರೆ. ಮಾಡೆಲಿಂಗ್ ಏಜೆನ್ಸಿ ನಡೆಸಲೆಂದೇ ಪ್ರತ್ಯೇಕ ಲೈಸೆನ್ಸ್ ಪಡೆಯಬೇಕೆಂಬ ಕಾನೂನು ನಮ್ಮ ದೇಶದಲ್ಲಿಲ್ಲ. ಒಂದು ಬಾಡಿಗೆ ಕೋಣೆ, ಗೋಡೆ ತುಂಬ ಫೋಟೊ, ಒಂದು ಇನ್‌ಸ್ಟಾಗ್ರಾಂ ಖಾತೆ ಇದ್ದರೆ ಯಾರು ಬೇಕಾದರೂ ಬೋರ್ಡು ಹಾಕಿಕೊಳ್ಳಬಹುದು. ಹಾಗಾಗಿ ಅಸಲಿ ಯಾವುದು, ನಕಲಿ ಯಾವುದು ಎಂದು ಪರೀಕ್ಷಿಸುವ ಕೆಲಸ ನಿಮ್ಮ ಮೇಲೂ ನಿಮ್ಮ ಮನೆಯವರ ಮೇಲೂ ಬೀಳುತ್ತದೆ. ಅದಕ್ಕೆ ದೊಡ್ಡ ಓದು, ಪರಿಚಯ, ಪ್ರಭಾವ ಯಾವುದೂ ಬೇಡ. ಕೆಳಗಿನ ಸೂತ್ರಗಳನ್ನು ಒಂದೊಂದಾಗಿ ಹಚ್ಚಿ ನೋಡಿ.

1. ಹಣ ಯಾವ ಕಡೆಯಿಂದ ಯಾವ ಕಡೆಗೆ ಹೋಗುತ್ತಿದೆ ನೋಡಿ

ಈ ವೃತ್ತಿಯಲ್ಲಿ ಹಣ ಹುಟ್ಟುವುದು ಕ್ಲೈಂಟ್ ಹತ್ತಿರ. ಅಂದರೆ ಜಾಹೀರಾತು ಕೊಡುವ ಕಂಪನಿ, ಬಟ್ಟೆ ಅಂಗಡಿ ಅಥವಾ ಡಿಸೈನರ್. ಅವರು ಕೊಟ್ಟ ಹಣದಲ್ಲಿ ಏಜೆನ್ಸಿ ತನ್ನ ಕಮಿಷನ್ ಹಿಡಿದುಕೊಂಡು ಉಳಿದದ್ದನ್ನು ಮಾಡೆಲ್‌ಗೆ ಕೊಡುತ್ತದೆ. ನಿಮಗೆ ಕೆಲಸ ಸಿಗದಿದ್ದರೆ ಏಜೆನ್ಸಿಗೂ ಆದಾಯವಿಲ್ಲ. ಅದಕ್ಕೇ ಅದು ನಿಮಗಾಗಿ ಓಡಾಡುತ್ತದೆ.

ಈ ಹರಿವು ತಿರುಗಿ ನಿಮ್ಮ ಜೇಬಿನಿಂದ ಹಣ ಹೊರಟಿತೆಂದರೆ ಎಚ್ಚರವಾಗಿ. ಕೇಳುವವರು ಹೆಸರು ಬದಲಿಸಿ ಬದಲಿಸಿ ಕೇಳುತ್ತಾರೆ: ನೋಂದಣಿ ಶುಲ್ಕ, ಆರ್ಟಿಸ್ಟ್ ಕಾರ್ಡ್, ಕಾಸ್ಟ್ಯೂಮ್ ಡೆಪಾಸಿಟ್, ವರ್ಕ್‌ಶಾಪ್ ಫೀಸು, ಮೊದಲ ಶೂಟ್ ಆದಮೇಲೆ ವಾಪಸ್ ಕೊಡುವ ಅಡ್ವಾನ್ಸ್. ಹೆಸರು ಯಾವುದಾದರೂ ಇರಲಿ, ನಿಮ್ಮ ಮೊದಲ ಸಂಪಾದನೆಗೂ ಮುಂಚೆ ನಿಮ್ಮಿಂದ ಸಂಪಾದಿಸುವವರಿಗೆ ನಿಮಗೆ ಕೆಲಸ ಕೊಡಿಸಬೇಕಾದ ಅಗತ್ಯವೇ ಇಲ್ಲ. ಅವರ ವ್ಯಾಪಾರ ಅಲ್ಲಿಗೆ ಮುಗಿದಿರುತ್ತದೆ.

ನ್ಯೂಯಾರ್ಕ್ ರಾಜ್ಯದಲ್ಲಿ 2025ರ ಜೂನ್‌ನಲ್ಲಿ ಜಾರಿಗೆ ಬಂದ ಫ್ಯಾಷನ್ ವರ್ಕರ್ಸ್ ಆ್ಯಕ್ಟ್ ಇದನ್ನೇ ಕಾನೂನು ಮಾಡಿದೆ. ಅಲ್ಲಿ ಏಜೆನ್ಸಿಗಳು ಸರ್ಕಾರದಲ್ಲಿ ನೋಂದಾಯಿಸಿಕೊಳ್ಳಬೇಕು, ಸೇರುವಾಗ ಶುಲ್ಕ ಅಥವಾ ಠೇವಣಿ ಕೇಳುವಂತಿಲ್ಲ, ಕಮಿಷನ್ ಶೇ 20 ಮೀರುವಂತಿಲ್ಲ. ನಮ್ಮಲ್ಲಿ ಅಂಥ ಕಾಯ್ದೆ ಬರುವವರೆಗೆ ಅದೇ ನಿಯಮವನ್ನು ನೀವೇ ನಿಮಗೆ ಹಾಕಿಕೊಳ್ಳಿ.

2. ಬಂದ ಮೆಸೇಜನ್ನು ಸಾಲು ಸಾಲಾಗಿ ಓದಿ

ಇಂಥ ಸಂದೇಶಗಳು ಹೆಚ್ಚುಕಡಿಮೆ ಹೀಗಿರುತ್ತವೆ: "ಅಭಿನಂದನೆಗಳು! ಹೆಸರಾಂತ ಬ್ರ್ಯಾಂಡ್ ಶೂಟ್‌ಗೆ ನೀವು ಸೆಲೆಕ್ಟ್ ಆಗಿದ್ದೀರಿ. ದಿನಕ್ಕೆ 50,000 ರೂಪಾಯಿ. ಅನುಭವ ಬೇಕಿಲ್ಲ. ಎರಡೇ ಸ್ಲಾಟ್ ಬಾಕಿ. ಇವತ್ತು ಸಂಜೆ 6ರೊಳಗೆ 2,999 ಕಟ್ಟಿ ಕನ್ಫರ್ಮ್ ಮಾಡಿ."

ಇದರಲ್ಲಿ ಐದು ಸುಳಿವುಗಳಿವೆ. ನಿಮ್ಮ ಎತ್ತರ, ಅಳತೆ, ನಡಿಗೆ ಯಾವುದನ್ನೂ ನೋಡದೆ ಆಯ್ಕೆ ಮುಗಿದಿದೆ. ಬ್ರ್ಯಾಂಡ್‌ಗೆ ಹೆಸರಿಲ್ಲ. ಹೊಸಬರಿಗೆ ಯಾರೂ ಕೊಡದಷ್ಟು ಸಂಭಾವನೆ ಇದೆ. ಯೋಚಿಸಲು ಬಿಡದ ಗಡುವಿದೆ. ಕೊನೆಗೆ, ಬರುವ ದುಡ್ಡಿನ ಮಾತಾಡುತ್ತಲೇ ಹೋಗುವ ದುಡ್ಡಿನ ಲೆಕ್ಕ ಇದೆ.

ಅಸಲಿ ವಿಚಾರಣೆ ಬೇರೆ ರೀತಿ ಇರುತ್ತದೆ. ಯಾರು ಬರೆಯುತ್ತಿದ್ದಾರೆ, ಯಾವ ಏಜೆನ್ಸಿ, ಯಾವ ಬಗೆಯ ಉತ್ಪನ್ನ, ಶೂಟ್ ಎಂದು, ಎಲ್ಲಿ, ಯಾವ ರೀತಿಯ ಉಡುಪು, ಸಂಭಾವನೆ ಎಷ್ಟು, ಫೋಟೊ ಎಲ್ಲೆಲ್ಲಿ ಬಳಸುತ್ತಾರೆ ಎಂಬ ವಿವರ ಅದರಲ್ಲಿರುತ್ತದೆ. ನೀವು ಆಯ್ಕೆಯಾದಿರಿ ಎಂದು ಅವರು ಹೇಳುವುದಿಲ್ಲ. ಎತ್ತರ, ಅಳತೆ ಮತ್ತು ಸಾದಾ ಫೋಟೊ ಕಳಿಸಿ, ಕ್ಲೈಂಟ್‌ಗೆ ತೋರಿಸುತ್ತೇವೆ ಎನ್ನುತ್ತಾರೆ.

3. ಸಂಬಂಧ ಬೆಳೆಸುವ ಮುನ್ನ ಮನೆತನ ವಿಚಾರಿಸುವಂತೆ ಏಜೆನ್ಸಿಯನ್ನೂ ವಿಚಾರಿಸಿ

ಮೊದಲು ಕಂಪನಿಯ ಪೂರ್ತಿ ಹೆಸರು, ವಿಳಾಸ, ಜಿಎಸ್‌ಟಿ ಸಂಖ್ಯೆ ಕೇಳಿ. ಪ್ರೈವೇಟ್ ಲಿಮಿಟೆಡ್ ಎಂದು ಹೇಳಿಕೊಂಡರೆ ಸಿಐಎನ್ (ಕಂಪನಿಯ ನೋಂದಣಿ ಗುರುತಿನ ಸಂಖ್ಯೆ) ಕೂಡ ಕೇಳಿ. ಕೊಡಲು ಹಿಂಜರಿದರೆ ಅಲ್ಲಿಗೇ ನಿಲ್ಲಿಸಿ.

ಜಿಎಸ್‌ಟಿ ಸಂಖ್ಯೆಯಲ್ಲಿ 15 ಅಕ್ಷರಾಂಕಗಳಿರುತ್ತವೆ. ಮೊದಲ ಎರಡು ಅಂಕಿ ರಾಜ್ಯದ ಸಂಕೇತ: ಕರ್ನಾಟಕಕ್ಕೆ 29, ಮಹಾರಾಷ್ಟ್ರಕ್ಕೆ 27. ಜಿಎಸ್‌ಟಿ ಪೋರ್ಟಲ್‌ನ "ಸರ್ಚ್ ಟ್ಯಾಕ್ಸ್‌ಪೇಯರ್" ವಿಭಾಗದಲ್ಲಿ ಈ ಸಂಖ್ಯೆ ಹಾಕಿದರೆ ನೋಂದಾಯಿತ ಹೆಸರು, ನೋಂದಣಿಯ ದಿನಾಂಕ, ಅದು ಚಾಲ್ತಿಯಲ್ಲಿದೆಯೇ ರದ್ದಾಗಿದೆಯೇ ಎಂಬುದೆಲ್ಲ ಸಿಗುತ್ತದೆ. ಸಂಖ್ಯೆ ಬೇರೆ ಯಾವುದೋ ಹಾರ್ಡ್‌ವೇರ್ ಅಂಗಡಿಯದಾಗಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಸಿಐಎನ್‌ನಲ್ಲಿ 21 ಅಕ್ಷರಾಂಕಗಳು. ಅದರ ನಡುವೆ ರಾಜ್ಯದ ಎರಡು ಅಕ್ಷರ, ಅದರ ಬೆನ್ನಿಗೇ ಕಂಪನಿ ಸ್ಥಾಪನೆಯಾದ ಇಸವಿ ಇರುತ್ತದೆ. "20 ವರ್ಷಗಳ ಅನುಭವ" ಎಂದು ಬೋರ್ಡಿನಲ್ಲಿ ಬರೆದು, ಸಿಐಎನ್‌ನಲ್ಲಿ 2024 ಎಂದಿದ್ದರೆ ವಿವರಣೆ ಕೇಳುವ ಹಕ್ಕು ನಿಮಗಿದೆ. ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಕಂಪನಿಯ ಹೆಸರನ್ನು ಹುಡುಕಿ ತಾಳೆ ನೋಡಿ.

ಇನ್‌ಸ್ಟಾಗ್ರಾಂ ಖಾತೆಯ ಮೆನುವಿನಲ್ಲಿ "ಅಬೌಟ್ ದಿಸ್ ಅಕೌಂಟ್" ಒತ್ತಿದರೆ ಖಾತೆ ಯಾವಾಗ ತೆರೆದದ್ದು ಎಂಬುದು ಕಾಣುತ್ತದೆ. ಎಷ್ಟೋ ಖಾತೆಗಳಲ್ಲಿ ಹೆಸರು ಬದಲಿಸಿದ್ದೂ ಗೊತ್ತಾಗುತ್ತದೆ. ಹೆಸರಾಂತ ಏಜೆನ್ಸಿಯ ಹೆಸರಿಗೆ ಒಂದು ಚುಕ್ಕೆಯನ್ನೋ ಒಂದು ಹೆಚ್ಚುವರಿ ಅಕ್ಷರವನ್ನೋ ಸೇರಿಸಿ ನಕಲಿ ಖಾತೆ ಮಾಡುವುದು ಮಾಮೂಲು. ಹಾಗಾಗಿ ಮೆಸೇಜ್‌ನಲ್ಲಿ ಬಂದ ನಂಬರಿಗೆ ಫೋನ್ ಮಾಡಬೇಡಿ. ಏಜೆನ್ಸಿಯ ಅಧಿಕೃತ ಜಾಲತಾಣಕ್ಕೆ ನೀವೇ ಹೋಗಿ, ಅಲ್ಲಿರುವ ನಂಬರಿಗೆ ಕರೆ ಮಾಡಿ, "ಇಂಥವರು ನಿಮ್ಮಲ್ಲಿ ಕೆಲಸ ಮಾಡುತ್ತಾರಾ?" ಎಂದು ಕೇಳಿ.

ಒಂದು ಮಾತು ನೆನಪಿರಲಿ. ಸೇವಾ ವ್ಯವಹಾರದಲ್ಲಿ ವರ್ಷದ ವಹಿವಾಟು 20 ಲಕ್ಷ ದಾಟದ ಸಣ್ಣ ಸಂಸ್ಥೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ನೋಂದಣಿ ಇದ್ದಮಾತ್ರಕ್ಕೆ ಪ್ರಾಮಾಣಿಕರೆಂದೂ ಅಲ್ಲ. ಇದು ಮೊದಲ ಜರಡಿ ಅಷ್ಟೆ. ಮುಂದಿನದಕ್ಕೆ ಮನುಷ್ಯರನ್ನೇ ಕೇಳಬೇಕು.

4. ಅವರಲ್ಲಿರುವ ಮಾಡೆಲ್‌ಗಳನ್ನೇ ಮಾತಾಡಿಸಿ

"ನಿಮ್ಮಲ್ಲಿ ಈಗ ಇರುವ ಮೂವರು ಮಾಡೆಲ್‌ಗಳ ಹೆಸರು ಹೇಳಿ, ಮಾತಾಡುತ್ತೇನೆ" ಎಂದು ಕೇಳಿ. ಒಳ್ಳೆಯ ಏಜೆನ್ಸಿಗೆ ಇದರಿಂದ ಬೇಸರವಾಗುವುದಿಲ್ಲ. ಅವರು ತೋರಿಸಿದವರನ್ನಷ್ಟೇ ಅಲ್ಲ, ಅವರ ಪುಟದಲ್ಲಿ ಟ್ಯಾಗ್ ಆಗಿರುವ ಬೇರೆ ಒಂದಿಬ್ಬರನ್ನೂ ನೀವಾಗಿ ಸಂಪರ್ಕಿಸಿ. ಕೇಳಬೇಕಾದದ್ದು ಮೂರೇ ಪ್ರಶ್ನೆ: ಸೇರುವಾಗ ದುಡ್ಡು ಕೊಟ್ಟಿರಾ? ಕಳೆದ ವರ್ಷ ಇವರ ಮೂಲಕ ಎಷ್ಟು ಕೆಲಸ ಸಿಕ್ಕಿತು? ಹಣ ಸರಿಯಾದ ಸಮಯಕ್ಕೆ ಕೈಸೇರಿತಾ?

ಗೋಡೆ ಮೇಲಿನ ಫೋಟೊಗಳನ್ನು ಮೊಬೈಲ್‌ನಲ್ಲಿ ಗೂಗಲ್ ಲೆನ್ಸ್‌ಗೆ ಹಾಕಿ ನೋಡಿ. ಬೇರೆ ದೇಶದ ಬೇರೆ ಏಜೆನ್ಸಿಯ ಮಾಡೆಲ್ ಅಲ್ಲಿ ಇವರ "ಪ್ರತಿಭೆ"ಯಾಗಿ ನಿಂತಿರಬಹುದು. ಸ್ಟಾರ್ ಜೊತೆ ಸೆಲ್ಫಿ ಇದ್ದರೆ ಅದು ಆ ಸ್ಟಾರ್ ಇವರ ಮೂಲಕ ಬಂದರು ಎಂಬುದಕ್ಕೆ ಪುರಾವೆಯಲ್ಲ.

5. ಪೋರ್ಟ್‌ಫೋಲಿಯೊ ಪ್ಯಾಕೇಜಿಗೆ ಮರುಳಾಗಬೇಡಿ

ಹೆಚ್ಚು ಜನ ಕೈ ಸುಟ್ಟುಕೊಳ್ಳುವುದು ಇಲ್ಲೇ. "ನಿಮ್ಮ ಮುಖ ಚೆನ್ನಾಗಿದೆ, ಪೋರ್ಟ್‌ಫೋಲಿಯೊ ಒಂದು ಇಲ್ಲ" ಎಂದು ಮೂಗಿಗೆ ತುಪ್ಪ ಸವರಿ, ತಮ್ಮದೇ ಫೋಟೊಗ್ರಾಫರ್ ಹತ್ತಿರ ಹತ್ತಾರು ಸಾವಿರದ ಪ್ಯಾಕೇಜ್ ಮಾಡಿಸುತ್ತಾರೆ. ಮೇಕಪ್, ನಾಲ್ಕು ಉಡುಪು, ದಪ್ಪ ಆಲ್ಬಂ ಎಲ್ಲ ಕೊಡುತ್ತಾರೆ. ಆಮೇಲೆ ಫೋನ್ ಎತ್ತುವುದಿಲ್ಲ. ಫೋಟೊ ಕೊಟ್ಟಿರುವುದರಿಂದ ಮೋಸ ಎಂದು ಸಾಬೀತು ಮಾಡುವುದೂ ಕಷ್ಟ.

ಹೊಸಬರನ್ನು ಅಳೆಯಲು ಏಜೆನ್ಸಿಗಳು ಕೇಳುವುದು "ಡಿಜಿಟಲ್ಸ್" ಅಥವಾ "ಪೋಲರಾಯ್ಡ್ಸ್" ಎನ್ನುವ ಸಾದಾ ಫೋಟೊಗಳನ್ನು. ಅದನ್ನು ಮನೆಯಲ್ಲೇ ತೆಗೆಯಬಹುದು. ಬೆಳಗಿನ ಹೊತ್ತು ಕಿಟಕಿಗೆ ಎದುರಾಗಿ, ಬಿಳಿ ಗೋಡೆಯ ಮುಂದೆ ನಿಲ್ಲಿ. ಮೈಗೆ ಸರಿಯಾಗಿ ಕೂರುವ ಸಾದಾ ಟೀ ಶರ್ಟ್, ಜೀನ್ಸ್ ಸಾಕು. ಮೇಕಪ್ ಬೇಡ, ಫಿಲ್ಟರ್ ಬೇಡ, ಕೂದಲು ಹಿಂದಕ್ಕೆ ಕಟ್ಟಿರಲಿ. ಮುಖದ ಹತ್ತಿರದ ಚಿತ್ರ ಒಂದು, ಎರಡೂ ಬದಿಯಿಂದ ಒಂದೊಂದು, ಸೊಂಟದವರೆಗೆ ಒಂದು, ಪೂರ್ತಿ ನಿಲುವು ಒಂದು, ನಗುವಿನದೊಂದು. ಜತೆಗೆ ನಡಿಗೆಯ ಅರ್ಧ ನಿಮಿಷದ ವಿಡಿಯೊ. ತಂಗಿಯೋ ಗೆಳೆಯನೋ ಮೊಬೈಲ್‌ನಲ್ಲಿ ತೆಗೆದುಕೊಟ್ಟರೆ ಖರ್ಚು ಸೊನ್ನೆ.

ಮುಂದೆ ಒಳ್ಳೆಯ ಪೋರ್ಟ್‌ಫೋಲಿಯೊ ಬೇಕಾಗುತ್ತದೆ, ನಿಜ. ಆಗ ಫೋಟೊಗ್ರಾಫರ್‌ನನ್ನು ನೀವೇ ಆರಿಸಿ, ದರ ವಿಚಾರಿಸಿ. ಹೊಸ ಫೋಟೊಗ್ರಾಫರ್, ಹೊಸ ಮೇಕಪ್ ಕಲಾವಿದರು, ಹೊಸ ಮಾಡೆಲ್‌ಗಳು ಸೇರಿ ಪರಸ್ಪರ ದುಡ್ಡಿಲ್ಲದೆ ಶೂಟ್ ಮಾಡಿಕೊಳ್ಳುವ ಪದ್ಧತಿಯೂ ಇದೆ. ಇನ್ನೊಂದು ವಿಷಯ: ನೀವು ದುಡ್ಡು ಕೊಟ್ಟು ತೆಗೆಸಿಕೊಂಡ ಫೋಟೊದ ಕೃತಿಸ್ವಾಮ್ಯ, ಬೇರೆ ಒಪ್ಪಂದ ಇಲ್ಲದಿದ್ದರೆ, 1957ರ ಕೃತಿಸ್ವಾಮ್ಯ ಕಾಯ್ದೆಯ ಸೆಕ್ಷನ್ 17ರ ಪ್ರಕಾರ ನಿಮ್ಮದೇ. "ಎಲ್ಲ ಹಕ್ಕು ಸ್ಟುಡಿಯೊದ್ದು" ಎಂಬ ಸಾಲು ರಸೀದಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಸೇರಿಕೊಂಡಿದೆಯೇ ಎಂದು ನೋಡಿ.

6. ಏಜೆನ್ಸಿ ಬೇರೆ, ತರಬೇತಿ ಶಾಲೆ ಬೇರೆ, ಸ್ಪರ್ಧೆ ಬೇರೆ

ನಡಿಗೆ, ಭಂಗಿ, ಕ್ಯಾಮೆರಾ ಎದುರಿನ ಧೈರ್ಯ ಕಲಿಸುವ ಶಾಲೆಗೆ ಫೀಸು ಕಟ್ಟುವುದು ತಪ್ಪಲ್ಲ. ಅಲ್ಲಿ ನೀವು ಕೊಂಡದ್ದು ಪಾಠ, ಕೆಲಸದ ಖಾತರಿಯಲ್ಲ. "ಕೋರ್ಸ್ ಸೇರಿದರೆ ಮಾತ್ರ ಏಜೆನ್ಸಿಗೆ ತೆಗೆದುಕೊಳ್ಳುತ್ತೇವೆ" ಎಂದರೆ ಅವರ ಆದಾಯ ಬರುತ್ತಿರುವುದು ಕೋರ್ಸಿನಿಂದ ಎಂದು ತಿಳಿಯಿರಿ.

ಸೌಂದರ್ಯ ಸ್ಪರ್ಧೆಗಳಿಗೂ ಇದೇ ಮಾತು. ಪ್ರವೇಶ ಶುಲ್ಕ, ಹೋಟೆಲ್ ವಾಸ್ತವ್ಯ, ಉಡುಪಿನ ಬಾಡಿಗೆ, ನೆಂಟರಿಗೆ ಮಾರಬೇಕಾದ ಟಿಕೆಟ್ ಎಲ್ಲ ಕೂಡಿಸಿ ಮೊದಲೇ ಒಟ್ಟು ಲೆಕ್ಕ ಹಾಕಿ. ಹಿಂದಿನ ವರ್ಷ ಕಿರೀಟ ತೊಟ್ಟವರು ಈಗ ಏನು ಕೆಲಸ ಮಾಡುತ್ತಿದ್ದಾರೆ ಎಂದು ಹುಡುಕಿ. ಭಾಗವಹಿಸಿದ ಎಲ್ಲರಿಗೂ ಒಂದೊಂದು ಬಿರುದು ಕೊಡುವ ಸ್ಪರ್ಧೆಯ ಶುಲ್ಕವನ್ನು ಒಳ್ಳೆಯ ಜಿಮ್‌ಗೋ ನೃತ್ಯ ತರಗತಿಗೋ ಹಾಕಿದರೆ ಹೆಚ್ಚು ಪ್ರಯೋಜನ.

7. ಆಡಿಷನ್‌ಗೆ ಒಬ್ಬರೇ ಹೋಗಬೇಡಿ

ಕಚೇರಿ, ಸ್ಟುಡಿಯೊ, ಹಗಲು ಹೊತ್ತು: ಈ ಮೂರು ಇರಲಿ. ಹೋಟೆಲ್ ಕೋಣೆ, ಯಾರದೋ ಫ್ಲ್ಯಾಟ್, ಊರಾಚೆಯ ರೆಸಾರ್ಟ್, ರಾತ್ರಿಯ "ಮೀಟಿಂಗ್" ಎಂದರೆ ಬೇಡ ಎನ್ನಿ. ಜತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ. ಅವರು ಹೊರಗೆ ಕೂತಿರಲಿ. "ಯಾರನ್ನೂ ಕರೆತರಬೇಡಿ" ಎಂದು ಷರತ್ತು ಹಾಕಿದರೆ ಆ ಆಡಿಷನ್ ಅಲ್ಲಿಗೇ ಮುಗಿಯಿತು.

ಹೊರಡುವ ಮುಂಚೆ ವಿಳಾಸ ಮತ್ತು ಕರೆದವರ ನಂಬರನ್ನು ಮನೆಯವರಿಗೆ ಕಳಿಸಿ, ಲೈವ್ ಲೊಕೇಶನ್ ಹಾಕಿ. ಬಟ್ಟೆ ಬದಲಿಸಲು ಪ್ರತ್ಯೇಕ ಜಾಗ ಇರಬೇಕು. ಕೊಟ್ಟ ಪಾನೀಯ ಕುಡಿಯಲೇಬೇಕೆಂದಿಲ್ಲ. ಅಳತೆ ತೆಗೆಯುವ ನೆಪದಲ್ಲಿ ಮೈ ಮುಟ್ಟುವುದು, "ಕಾಂಪ್ರಮೈಸ್ ಮಾಡಿಕೊಂಡರೆ ಬೇಗ ಬೆಳೆಯುತ್ತೀರಿ" ಎನ್ನುವುದು ವೃತ್ತಿಯ ರೀತಿಯಲ್ಲ, ಅಪರಾಧ. ಎದ್ದು ಹೊರಡಿ, 112ಕ್ಕೆ ಕರೆ ಮಾಡಿ. ಹುಡುಗರಿಗೂ ಇದು ಅಷ್ಟೇ ಅನ್ವಯ. ಅವರನ್ನೂ ಹೀಗೆ ಬಳಸಿಕೊಳ್ಳುವವರಿದ್ದಾರೆ, ಅವರು ಬಾಯಿ ಬಿಡುವುದು ಇನ್ನೂ ಕಡಿಮೆ.

8. ವಿಡಿಯೊ ಕರೆಯಲ್ಲಿ ಬಟ್ಟೆ ತೆಗೆಯುವ ಆಡಿಷನ್ ಇಲ್ಲವೇ ಇಲ್ಲ

"ಬಾಡಿ ಟೆಸ್ಟ್", "ಸ್ವಿಮ್‌ವೇರ್ ರೌಂಡ್", "ಸ್ಕಿನ್ ಚೆಕ್" ಎಂದು ವಾಟ್ಸ್‌ಆ್ಯಪ್ ಕರೆಯಲ್ಲಿ ಕೇಳುವವರು ಆಚೆ ಕಡೆ ರೆಕಾರ್ಡ್ ಮಾಡಿಕೊಳ್ಳುತ್ತಿರುತ್ತಾರೆ. ಮರುದಿನವೇ ಬೆದರಿಕೆ ಶುರುವಾಗುತ್ತದೆ: ದುಡ್ಡು ಕೊಡು, ಇಲ್ಲದಿದ್ದರೆ ನಿನ್ನ ಫಾಲೋವರ್‌ಗಳಿಗೆಲ್ಲ ಕಳಿಸುತ್ತೇನೆ. ಈಜುಡುಗೆ, ಒಳ ಉಡುಪಿನ ಕೆಲಸ ಈ ವೃತ್ತಿಯಲ್ಲಿ ಇದೆ. ಆದರೆ ಅದು ವಯಸ್ಕರಿಗೆ ಮಾತ್ರ, ಮೊದಲೇ ಬರಹದಲ್ಲಿ ತಿಳಿಸಿ, ಬ್ರ್ಯಾಂಡ್ ಹೆಸರು ಹೇಳಿ, ಸ್ಟುಡಿಯೊದಲ್ಲಿ ಎಲ್ಲರ ಎದುರು ನಡೆಯುವಂಥದ್ದು. ಅದಕ್ಕೆ ಒಪ್ಪುವುದೂ ಬಿಡುವುದೂ ನಿಮ್ಮಿಷ್ಟ.

9. ಒಪ್ಪಂದವನ್ನು ಮನೆಗೆ ತನ್ನಿ, ಎರಡು ದಿನ ಇಟ್ಟುಕೊಂಡು ಓದಿ

ಛಾಪಾ ಕಾಗದದ ಮೇಲೆ ಟೈಪ್ ಮಾಡಿದ ಮಾತ್ರಕ್ಕೆ ಒಪ್ಪಂದ ನ್ಯಾಯವಾಗಿದೆ ಎಂದಲ್ಲ. ಪ್ರತಿ ಕಲಮು ಓದಿ, ಗೊತ್ತಾಗದ್ದನ್ನು ಪರಿಚಯದ ವಕೀಲರಿಗೆ ತೋರಿಸಿ. ಮುಖ್ಯವಾಗಿ ನೋಡಬೇಕಾದವು ಇವು:

* ಅವಧಿ: ಹೊಸಬರಿಗೆ ಒಂದರಿಂದ ಎರಡು ವರ್ಷ ಸಾಕು. ಐದು ವರ್ಷ ಎಂದರೆ ಯಾಕೆಂದು ಕೇಳಿ. ತಾನಾಗಿಯೇ ನವೀಕರಣವಾಗುವ ಷರತ್ತು ಇದ್ದರೆ ತೆಗೆಸಿ.
* ಎಕ್ಸ್‌ಕ್ಲೂಸಿವ್ ಷರತ್ತು: ಬೇರೆ ಯಾರ ಮೂಲಕವೂ ಕೆಲಸ ಮಾಡಬಾರದು ಎಂದಾದರೆ, ಅದು ಕರ್ನಾಟಕಕ್ಕೋ ಇಡೀ ದೇಶಕ್ಕೋ? ನೀವೇ ಹುಡುಕಿಕೊಂಡ ಕೆಲಸಕ್ಕೂ ಕಮಿಷನ್ ಕೊಡಬೇಕೇ?
* ಕಮಿಷನ್: ಶೇಕಡಾ ಎಷ್ಟು, ಯಾವ ಮೊತ್ತದ ಮೇಲೆ ಎಂಬುದು ಅಂಕಿಯಲ್ಲಿರಲಿ. "ಸಂಸ್ಥೆಯ ನಿಯಮದಂತೆ" ಎಂಬ ಮಾತಿಗೆ ಒಪ್ಪಬೇಡಿ.
* ಖರ್ಚು: ಪ್ರಯಾಣ, ವಸತಿ, ಕಾಂಪ್ ಕಾರ್ಡ್ (ಮಾಡೆಲ್‌ನ ಫೋಟೊ, ಅಳತೆ ಇರುವ ಪರಿಚಯ ಕಾರ್ಡ್) ಮುದ್ರಣದ ಖರ್ಚು ಯಾರದು? ನಿಮ್ಮನ್ನು ಕೇಳದೆ ನಿಮ್ಮ ಲೆಕ್ಕಕ್ಕೆ ಬರೆಯುವಂತಿರಬಾರದು.
* ಬಿಡುಗಡೆ: ಒಂದು ತಿಂಗಳ ನೋಟಿಸ್ ಕೊಟ್ಟು ಹೊರಬರಲು ಸಾಧ್ಯವೇ? "ಮಧ್ಯದಲ್ಲಿ ಬಿಟ್ಟರೆ ಐದು ಲಕ್ಷ ದಂಡ" ಎಂದಿದ್ದರೆ ಸಹಿ ಬೇಡ.
* ಮುಖದ ಬಳಕೆ: ಕೃತಕ ಬುದ್ಧಿಮತ್ತೆಯಿಂದ ನಿಮ್ಮ ಪ್ರತಿರೂಪ ಮಾಡಿ ಬಳಸಲು ಅನುಮತಿ ಒಳಗೆಲ್ಲೋ ಸೇರಿದೆಯೇ? ಅದಕ್ಕೆ ಪ್ರತ್ಯೇಕ ಲಿಖಿತ ಒಪ್ಪಿಗೆ, ಪ್ರತ್ಯೇಕ ಸಂಭಾವನೆ ಕೇಳಿ.

ಒಪ್ಪಂದ ಮುಗಿದ ಮೇಲೂ ಬೇರೆಡೆ ಕೆಲಸ ಮಾಡಬಾರದು ಎಂದು ಹೆದರಿಸಿದರೆ ಕುಗ್ಗಬೇಡಿ. ಒಬ್ಬರ ವೃತ್ತಿಗೆ ಅಡ್ಡಿ ಮಾಡುವ ಕರಾರು 1872ರ ಭಾರತೀಯ ಕರಾರು ಕಾಯ್ದೆಯ ಸೆಕ್ಷನ್ 27ರ ಪ್ರಕಾರ ಸಾಮಾನ್ಯವಾಗಿ ಊರ್ಜಿತವಾಗುವುದಿಲ್ಲ. ಅದೇ ಕಾಯ್ದೆಯ ಸೆಕ್ಷನ್ 11ರಂತೆ 18 ತುಂಬದವರು ಕರಾರು ಮಾಡಿಕೊಳ್ಳಲು ಅರ್ಹರಲ್ಲ. ಕಾಲೇಜು ಹುಡುಗಿಯೊಬ್ಬಳ ಸಹಿಯನ್ನು ಅಪ್ಪ ಅಮ್ಮನಿಗೆ ತಿಳಿಸದೆ ಹಾಕಿಸಿಕೊಳ್ಳುವವರ ಉದ್ದೇಶ ಒಳ್ಳೆಯದಿರಲು ಸಾಧ್ಯವಿಲ್ಲ.

10. ಲೆಕ್ಕ ಕಾಗದದ ಮೇಲಿರಲಿ

ಒಂದು ಶೂಟ್‌ಗೆ ಕ್ಲೈಂಟ್ 1,00,000 ರೂಪಾಯಿ ಕೊಡುತ್ತಾನೆ ಎಂದಿಟ್ಟುಕೊಳ್ಳಿ. ಕಮಿಷನ್ ಶೇ 20 ಆದರೆ ಏಜೆನ್ಸಿಗೆ 20,000. ಉಳಿದ 80,000ಕ್ಕೆ ಶೇ 10 ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಹಿಡಿದರೆ 8,000 ಹೋಗಿ ಕೈಗೆ ಬರುವುದು 72,000. ಆ 8,000 ಕಳೆದುಹೋದ ಹಣವಲ್ಲ. ನಿಮ್ಮ ಪ್ಯಾನ್ ಲೆಕ್ಕಕ್ಕೆ ಜಮೆಯಾಗಿರಬೇಕು, ರಿಟರ್ನ್ಸ್ ಸಲ್ಲಿಸುವಾಗ ಲೆಕ್ಕಕ್ಕೆ ಬರುತ್ತದೆ. ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಅದು ಕಾಣದಿದ್ದರೆ ಹಿಡಿದವರು ಸರ್ಕಾರಕ್ಕೆ ಕಟ್ಟಿಲ್ಲ ಎಂದೇ ಅನುಮಾನಿಸಿ, ಕೇಳಿ.

ಈ ಲೆಕ್ಕ ತಾಳೆ ನೋಡಲು, ಏಜೆನ್ಸಿ ಕ್ಲೈಂಟ್‌ಗೆ ಕೊಟ್ಟ ಬಿಲ್ಲಿನ ಪ್ರತಿ ನೋಡುವ ಹಕ್ಕು ಒಪ್ಪಂದದಲ್ಲೇ ಇರಬೇಕು. ಅದಿಲ್ಲದಿದ್ದರೆ ಒಂದು ಲಕ್ಷಕ್ಕೆ ಮಾತಾಡಿ, ನಿಮಗೆ ನಲವತ್ತು ಸಾವಿರ ಎಂದು ಹೇಳಿದರೂ ನಿಮಗೆ ಗೊತ್ತಾಗುವುದಿಲ್ಲ. ಹಣ ಎಷ್ಟು ದಿನದಲ್ಲಿ ಬರುತ್ತದೆ ಎಂಬುದನ್ನೂ ಬರೆಸಿ. ಈ ಕ್ಷೇತ್ರದಲ್ಲಿ ಎರಡು ಮೂರು ತಿಂಗಳು ಕಾಯಿಸುವುದು ಸಾಮಾನ್ಯ. ಗಡುವೇ ಇಲ್ಲದಿರುವುದು ಅಪಾಯ.

ಬಳಕೆಯ ಹಕ್ಕನ್ನು ಹೊಸಬರು ಮರೆತೇಬಿಡುತ್ತಾರೆ. ಫೋಟೊ ಬರೀ ಇನ್‌ಸ್ಟಾಗ್ರಾಂಗೋ, ಹೋರ್ಡಿಂಗ್‌ಗೂ ಟಿವಿಗೂ ಹೋಗುತ್ತದೋ? ಆರು ತಿಂಗಳಿಗೋ, ಶಾಶ್ವತವಾಗಿಯೋ? ಒಂದು ಕೂದಲೆಣ್ಣೆಗೆ ಮುಖ ಕೊಟ್ಟರೆ ಇನ್ನೊಂದು ಎಣ್ಣೆ ಕಂಪನಿಯ ಕೆಲಸ ಎಷ್ಟು ಕಾಲ ಮಾಡುವಂತಿಲ್ಲ? ಬಳಕೆ ಹಿಗ್ಗಿದಷ್ಟೂ ಸಂಭಾವನೆಯೂ ಹಿಗ್ಗಬೇಕು.

11. ಆಧಾರ್, ಒಟಿಪಿ, ಯುಪಿಐ ಪಿನ್: ಮೂರಕ್ಕೂ ಬೀಗ ಹಾಕಿ

ಫಾರ್ಮ್ ತುಂಬುವ ಹಂತದಲ್ಲೇ ಆಧಾರ್, ಪ್ಯಾನ್, ಪಾಸ್‌ಬುಕ್ ಫೋಟೊ ಕಳಿಸಬೇಡಿ. ಗುರುತಿಗೆ ಕೇಳಿದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ. ಯುಐಡಿಎಐ ತಾಣದಲ್ಲಿ ಅದು ಉಚಿತವಾಗಿ ಸಿಗುತ್ತದೆ. ಹಣ ಪಡೆಯಲು ಯುಪಿಐ ಪಿನ್ ಬೇಕಿಲ್ಲ. "ಸಂಭಾವನೆ ಹಾಕುತ್ತೇವೆ, ಕ್ಯುಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ" ಎಂದರೆ ಹೋಗುವುದು ನಿಮ್ಮ ದುಡ್ಡು. "ತಪ್ಪಿ ಹೆಚ್ಚು ಕಳಿಸಿದ್ದೇವೆ, ವಾಪಸ್ ಹಾಕಿ" ಎಂದು ಸ್ಕ್ರೀನ್‌ಶಾಟ್ ಕಳಿಸಿದರೆ ಬ್ಯಾಂಕ್ ಖಾತೆಯನ್ನೇ ತೆರೆದು ನೋಡಿ. ಕಾಸ್ಟಿಂಗ್ ಆ್ಯಪ್ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬಂದ ಎಪಿಕೆ ಫೈಲನ್ನು ಎಂದೂ ಇನ್‌ಸ್ಟಾಲ್ ಮಾಡಬೇಡಿ.

12. ಮಕ್ಕಳ ವಿಷಯದಲ್ಲಿ ಎರಡು ಪಟ್ಟು ಎಚ್ಚರ

ಮಾಲ್‌ನಲ್ಲಿ ಮಗುವನ್ನು ನೋಡಿ "ಎಷ್ಟು ಮುದ್ದಾಗಿದೆ, ಬೇಬಿ ಪ್ರಾಡಕ್ಟ್ ಜಾಹೀರಾತಿಗೆ ತೆಗೆದುಕೊಳ್ಳುತ್ತೇವೆ" ಎಂದು ಫೋನ್ ನಂಬರ್ ಪಡೆಯುತ್ತಾರೆ. ಎರಡು ದಿನ ಬಿಟ್ಟು "ಸೆಲೆಕ್ಟ್ ಆಗಿದೆ, ಪೋರ್ಟ್‌ಫೋಲಿಯೊ ಮಾಡಿಸಿ" ಎಂಬ ಕರೆ ಬರುತ್ತದೆ. ಮಗುವಿನ ಹೆಸರಲ್ಲಿ ಹೆತ್ತವರು ಇಲ್ಲ ಎನ್ನಲಾರರು ಎಂದು ಅವರಿಗೆ ಗೊತ್ತು.

ಕಾನೂನು ತಿಳಿದಿದ್ದರೆ ಧೈರ್ಯ ಬರುತ್ತದೆ. ಬಾಲಕಾರ್ಮಿಕ ಕಾಯ್ದೆಯ 2017ರ ತಿದ್ದುಪಡಿ ನಿಯಮಗಳ ಪ್ರಕಾರ 14 ವರ್ಷದೊಳಗಿನ ಮಗುವನ್ನು ಜಾಹೀರಾತು, ಸಿನಿಮಾಕ್ಕೆ ಬಳಸಲು ನಿರ್ಮಾಪಕರು ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಪಡೆಯಬೇಕು. ದಿನಕ್ಕೆ 5 ಗಂಟೆಗಿಂತ ಹೆಚ್ಚು ಕೆಲಸ ಮಾಡಿಸುವಂತಿಲ್ಲ, ಬಿಡುವಿಲ್ಲದೆ 3 ಗಂಟೆ ಮೀರುವಂತಿಲ್ಲ. ಸಂಭಾವನೆಯ ಕನಿಷ್ಠ ಶೇ 20ರಷ್ಟು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿನ ನಿಶ್ಚಿತ ಠೇವಣಿಗೆ ಹೋಗಬೇಕು. ಮಗುವಿಗೆ ಇಷ್ಟವಿಲ್ಲದೆ ಮಾಡಿಸುವಂತಿಲ್ಲ. "ಇದಕ್ಕೆಲ್ಲ ಅನುಮತಿ ತೆಗೆದುಕೊಂಡಿದ್ದೀರಾ?" ಎಂದು ಒಮ್ಮೆ ಕೇಳಿ ನೋಡಿ, ಉತ್ತರದಲ್ಲೇ ಅವರು ಯಾರೆಂದು ತಿಳಿಯುತ್ತದೆ.

13. ದುಬೈ, ಬ್ಯಾಂಕಾಕ್ ಎಂದ ಕೂಡಲೇ ಪಾಸ್‌ಪೋರ್ಟ್ ಕೊಡಬೇಡಿ

ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲಿ ಕೆಲಸದ ವೀಸಾ ಮಾಡಿಸುತ್ತೇವೆ ಎಂಬ ಮಾತನ್ನು ನಂಬಬೇಡಿ. ವಿದೇಶಿ ಕೆಲಸಕ್ಕೆ ಜನರನ್ನು ಕಳಿಸುವ ಏಜೆಂಟರು 1983ರ ವಲಸೆ ಕಾಯ್ದೆಯಡಿ ನೋಂದಾಯಿಸಿಕೊಂಡಿರಬೇಕು. ಆ ಪಟ್ಟಿ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿದೆ. ಕ್ಲೈಂಟ್ ಹೆಸರು, ಶೂಟ್ ವೇಳಾಪಟ್ಟಿ, ಉಳಿಯುವ ಜಾಗ, ಹಿಂದಿರುಗುವ ಟಿಕೆಟ್ ಕೈಯಲ್ಲಿರಲಿ. ಪಾಸ್‌ಪೋರ್ಟ್ ಯಾವಾಗಲೂ ನಿಮ್ಮ ಹತ್ತಿರವೇ ಇರಬೇಕು. ಕೆಲಸದ ವಿವರ ಮಸುಕಾಗಿದ್ದಷ್ಟೂ ಅಪಾಯ ಹೆಚ್ಚು. ಮಾನವ ಕಳ್ಳಸಾಗಣೆಯವರು ಇದೇ ಬಣ್ಣದ ಮಾತುಗಳನ್ನಾಡುತ್ತಾರೆ.

14. ಮೋಸ ಹೋದರೆ ಮುಚ್ಚಿಡಬೇಡಿ, ಆ ಗಂಟೆಯಲ್ಲೇ ದೂರು ಕೊಡಿ

ಆನ್‌ಲೈನ್‌ನಲ್ಲಿ ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ತಿಳಿಸಿದಷ್ಟೂ ಹಣ ಮುಂದಿನ ಖಾತೆಗೆ ಹೋಗುವ ಮೊದಲೇ ತಡೆಯುವ ಸಾಧ್ಯತೆ ಹೆಚ್ಚು. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ದಾಖಲಿಸಿ. ಚಾಟ್, ನಂಬರ್, ಯುಪಿಐ ಐಡಿ, ರಸೀದಿ, ಪ್ರೊಫೈಲ್ ಲಿಂಕ್ ಯಾವುದನ್ನೂ ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಡಿ. ವಂಚನೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 318ರಡಿ ಅಪರಾಧ. ಕೃತ್ಯ ನಡೆದದ್ದು ಬೆಂಗಳೂರಿನಲ್ಲಾದರೂ ನಿಮ್ಮೂರಿನ ಠಾಣೆಯಲ್ಲೇ ಝೀರೊ ಎಫ್‌ಐಆರ್ ಮಾಡಿಸಬಹುದು.

ಖಾಸಗಿ ಚಿತ್ರ ಇಟ್ಟುಕೊಂಡು ಬೆದರಿಸಿದರೆ ಒಂದು ರೂಪಾಯಿಯನ್ನೂ ಕೊಡಬೇಡಿ. ಕೊಟ್ಟರೆ ಬೇಡಿಕೆ ನಿಲ್ಲುವುದಿಲ್ಲ, ಬೆಳೆಯುತ್ತದೆ. ಅಂಥ ಚಿತ್ರ ತೆಗೆಯುವುದು, ಹರಡುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ, 67ಎ ಸೆಕ್ಷನ್‌ಗಳಡಿ ಶಿಕ್ಷಾರ್ಹ. 18 ದಾಟಿದವರು ಸ್ಟಾಪ್‌ಎನ್‌ಸಿಐಐ ಎಂಬ ಉಚಿತ ತಾಣವನ್ನು ಬಳಸಬಹುದು. ಅದು ಚಿತ್ರವನ್ನು ಪಡೆಯದೆ, ಚಿತ್ರದ ಗುರುತಿನ ಸಂಕೇತವನ್ನಷ್ಟೇ ಫೇಸ್‌ಬುಕ್, ಇನ್‌ಸ್ಟಾಗ್ರಾಂನಂಥ ವೇದಿಕೆಗಳಿಗೆ ಕೊಟ್ಟು ಅದು ಹರಡದಂತೆ ತಡೆಯಲು ನೆರವಾಗುತ್ತದೆ. ಮಹಿಳೆಯರಿಗೆ 181, ಮಕ್ಕಳಿಗೆ 1098 ಸಹಾಯವಾಣಿ ಇದೆ.

ಹೆತ್ತವರಲ್ಲಿ ಒಂದು ವಿನಂತಿ. ಮಗಳೋ ಮಗನೋ "ಹೀಗಾಯಿತು" ಎಂದು ಹೇಳಿದ ದಿನ ಬೈಯಬೇಡಿ. "ಮೊದಲೇ ಹೇಳಿರಲಿಲ್ಲವಾ" ಎಂಬ ಒಂದು ಮಾತಿಗೆ ಹೆದರಿ ಎಷ್ಟೋ ಮಕ್ಕಳು ಬೆದರಿಕೆಯನ್ನು ತಿಂಗಳುಗಟ್ಟಲೆ ಒಬ್ಬರೇ ಸಹಿಸುತ್ತಾರೆ. ತಪ್ಪು ಮೋಸ ಮಾಡಿದವರದು. ಮೊದಲು ಅವರ ಜತೆ ಕೂತು 1930ಕ್ಕೆ ಕರೆ ಮಾಡಿ, ಉಳಿದ ಮಾತು ಆಮೇಲೆ.

ಇಷ್ಟೆಲ್ಲ ವಿಚಾರಿಸುತ್ತ ಕೂತರೆ ಅವಕಾಶ ಕೈತಪ್ಪುವುದಿಲ್ಲವೇ ಎಂಬ ಭಯ ಸಹಜ. ತಪ್ಪುವುದಿಲ್ಲ. ನಿಮ್ಮಿಂದ ಎರಡು ವರ್ಷ ಕೆಲಸ ಮಾಡಿಸಿ ಸಂಪಾದಿಸಬೇಕೆಂದಿರುವ ಏಜೆನ್ಸಿ ಎರಡು ದಿನ ಕಾಯುತ್ತದೆ. ಇವತ್ತು ಸಂಜೆಯ ಒಳಗೆ ನಿಮ್ಮ ದುಡ್ಡು ಬೇಕಾದವರು ಮಾತ್ರ ಕಾಯಲಾರರು. ಹೆಸರಿರುವ ಏಜೆನ್ಸಿಗಳು ಹೊಸಬರ ಅರ್ಜಿಯನ್ನು ತಮ್ಮ ಜಾಲತಾಣದಲ್ಲೇ ಉಚಿತವಾಗಿ ತೆಗೆದುಕೊಳ್ಳುತ್ತವೆ. ಕರೆ ಬರಲಿ ಎಂದು ಕಾಯುವ ಬದಲು ಈ ವಾರವೇ ಮನೆಯ ಬಿಳಿ ಗೋಡೆಯ ಮುಂದೆ ಫೋಟೊ ತೆಗೆಸಿಕೊಂಡು, ನಾಲ್ಕಾರು ಏಜೆನ್ಸಿಗಳನ್ನು ವಿಚಾರಿಸಿ, ನೀವಾಗಿಯೇ ಅರ್ಜಿ ಹಾಕಿ. ಬೇಡ ಎಂದರೆ ಇನ್ನೊಂದು ಕಡೆ ಹಾಕಿ. ಬೇಕು ಎಂದರೆ ಒಪ್ಪಂದವನ್ನು ಮನೆಗೆ ತಂದು, ಹೆತ್ತವರ ಜತೆ ಕೂತು ಓದಿ, ಒಪ್ಪಿಗೆಯಾದರೆ ಸಹಿ ಹಾಕಿ.